ಮಷಿನ್ ಮುಂದೆ ನಿಂತವನಿಗೆ ಪಾಠ ಹೇಳುವವರು ಯಾರು?

(ಹುಬ್ಬಳ್ಳಿಯಲ್ಲಿ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು, ಅವರ ಪಾಲಕರು, ಸಣ್ಣ ಕಾರ್ಖಾನೆಗಳ ಮಾಲೀಕರು ಕೂಡಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಅಪ್ರೆಂಟಿಸ್ (ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವವರು) ಅಂದ ಕೂಡಲೇ ಪಾಲಕರು ಕೇಳುವ ಮೊದಲ ಪ್ರಶ್ನೆ: "ಸ್ಟೈಪೆಂಡ್ ಎಷ್ಟ ಕೊಡ್ತಾರ್ರಿ?" ಕೇಳಲೇಬೇಕು. ನವಲಗುಂದದಿಂದಲೋ ಕುಂದಗೋಳದಿಂದಲೋ ಮೊದಲ ಶಿಫ್ಟಿಗೆ ಬರುವ ಹುಡುಗ ನಸುಕಿನಲ್ಲೇ ಬಸ್ ಹಿಡಿಯಬೇಕು. ಊರಲ್ಲಿದ್ದರೆ ಹೊಲದ ಕೆಲಸಕ್ಕೆ ಒಂದು ಕೈ ಆಗುತ್ತಿದ್ದ. ಮನೆಯವರು ಲೆಕ್ಕ ಹಾಕುವುದರಲ್ಲಿ ತಪ್ಪೇನೂ ಇಲ್ಲ. ಅದಕ್ಕೇ ದುಡ್ಡಿನ ಮಾತನ್ನು ಮೊದಲು ಮುಗಿಸಿಬಿಡೋಣ.

2019ರಲ್ಲಿ ತಿದ್ದುಪಡಿಯಾದ ನಿಯಮಗಳಲ್ಲಿ ತಿಂಗಳಿಗೆ ಕನಿಷ್ಠ ಇಷ್ಟು ಕೊಡಬೇಕೆಂದಿದೆ: ಎಸ್ಸೆಸ್ಸೆಲ್ಸಿ ಪಾಸಾದವರಿಗೆ 6,000 ರೂಪಾಯಿ, ಐಟಿಐ ಆದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಎರಡನೇ ವರ್ಷಕ್ಕೆ ಶೇ. 10, ಮೂರನೇ ವರ್ಷಕ್ಕೆ ಮತ್ತೆ ಶೇ. 15 ಏರಿಸಬೇಕು. ಈ ಮೊತ್ತವನ್ನೇ ಶೇ. 36ರಷ್ಟು ಹೆಚ್ಚಿಸಿ ಎಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರಲ್ಲಿ ಶಿಫಾರಸು ಮಾಡಿತು. ಹಾಗಾಗಿ ಕರಾರಿಗೆ ಸಹಿ ಹಾಕುವ ದಿನ ಜಾರಿಯಲ್ಲಿರುವ ದರವನ್ನು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೀವೇ ನೋಡಿಕೊಳ್ಳಿ. ಇದು ಕನಿಷ್ಠ ಮಿತಿ. ಹೆಚ್ಚು ಕೊಡುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಕೊಡುವವರೂ ಇದ್ದಾರೆ.

ಇನ್ನು ನನ್ನ ಪ್ರಶ್ನೆ. ಸ್ಟೈಪೆಂಡ್ ಎಷ್ಟು ಎಂದು ಕೇಳಿದ ಬಾಯಲ್ಲೇ "ಕಲಿಸುವವರು ಯಾರು? ಅವರ ಹೆಸರೇನು?" ಎಂದು ಕೇಳಿದ ಪಾಲಕರನ್ನು ನಾನು ಕಂಡದ್ದು ಬಹಳ ಕಡಿಮೆ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಪ್ರಶ್ನೆಯ ಸುತ್ತಲೇ ಇದೆ.

ನಮ್ಮ ಅಪ್ರೆಂಟಿಸ್ ಕಾಯ್ದೆ 1961ರದ್ದು. ಅದರ ಪ್ರಕಾರ ಅಪ್ರೆಂಟಿಸ್ ಆದವನು ಕಾರ್ಮಿಕನಲ್ಲ, ತರಬೇತಿ ಪಡೆಯುವವನು. ಇದಕ್ಕೆ ಎರಡು ಮುಖ. ಕಾರ್ಮಿಕರಿಗಿರುವ ಎಷ್ಟೋ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ, ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟಳೆಯೂ ಇಲ್ಲ. ಇನ್ನೊಂದು ಮುಖವನ್ನು ಎಲ್ಲರೂ ಮರೆಯುತ್ತಾರೆ: ತರಬೇತಿ ಪಡೆಯುವವನು ಅಂದ ಮೇಲೆ ತರಬೇತಿ ಕೊಡಲೇಬೇಕು. ಕೆಲಸಕ್ಕೆ ಸಂಬಂಧಿಸಿದ ಪಾಠ ನಡೆಯಬೇಕು, ಆ ತರಗತಿಯಲ್ಲಿ ಕೂತ ಸಮಯವನ್ನೂ ವೇತನದ ಸಮಯವೆಂದೇ ಲೆಕ್ಕ ಹಿಡಿಯಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ. ಮಾಲೀಕರು ಇದನ್ನು ಒಮ್ಮೆ ಮನಸ್ಸಿಟ್ಟು ಓದಿ. ಹುಡುಗ ಕ್ಲಾಸಿಗೆ ಹೋದ ದಿನ ಹಾಜರಿ ಕತ್ತರಿಸುವಂತಿಲ್ಲ.

ಕೆಲಸವೂ ಪಾಠವೂ ಒಟ್ಟಿಗೇ ಏಕೆ ಬೇಕು? ಐಟಿಐಯಲ್ಲೇ ಎಲ್ಲ ಕಲಿಸಿ ಕಳಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಒಂದು ಉದಾಹರಣೆ ಕೊಡುತ್ತೇನೆ, ಲೇತ್ (ಲೋಹವನ್ನು ತಿರುಗಿಸಿ ಕೆತ್ತುವ ಮಷಿನ್) ನಡೆಸುವ ಟರ್ನರ್ ಹುಡುಗರು ಸ್ವಲ್ಪ ಗಮನ ಕೊಡಿ. ಕಟಿಂಗ್ ಸ್ಪೀಡಿನ, ಅಂದರೆ ಟೂಲಿನ ಎದುರು ಲೋಹ ಹಾಯುವ ವೇಗದ, ಸೂತ್ರ ನಿಮಗೆಲ್ಲ ಬಾಯಿಪಾಠ. ಪೈ ಗುಣಿಸು ವ್ಯಾಸ ಗುಣಿಸು ಆರ್‌ಪಿಎಂ, ಭಾಗಿಸು 1000. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ತೆಗೆದ ಹುಡುಗನನ್ನೇ ಲೇತ್ ಮುಂದೆ ನಿಲ್ಲಿಸಿ, 50 ಮಿಮೀ ದಪ್ಪದ ಎಂಎಸ್ (ಸಾದಾ ಉಕ್ಕಿನ) ರಾಡು ಕೊಟ್ಟು, ಎಚ್‌ಎಸ್‌ಎಸ್ (ಗಟ್ಟಿ ಉಕ್ಕಿನ) ಟೂಲ್ ಹಾಕಿ "ಹೊಡೀ" ಅನ್ನಿ. ಹಿಂದಿನ ಶಿಫ್ಟಿನವನು ಯಾವ ಗೇರಿನಲ್ಲಿ ಬಿಟ್ಟು ಹೋಗಿದ್ದಾನೋ ಅದೇ ಗೇರಿನಲ್ಲಿ ಶುರು ಮಾಡುತ್ತಾನೆ. ನಿಮಿಷಕ್ಕೆ 30 ಮೀಟರ್ ಹಿಡಿದರೆ ಸುಮಾರು 190 ಆರ್‌ಪಿಎಂ ಬರುತ್ತದೆ, ಅದೇ ರಾಡು 25 ಮಿಮೀ ಇದ್ದರೆ 380 ಬೇಕು ಎಂಬ ಲೆಕ್ಕ ಅವನ ವಹಿಯಲ್ಲಿದೆ, ಕೈಗೆ ಇಳಿದಿಲ್ಲ. ಟೂಲಿನ ಮೂಗು ಸುಟ್ಟು ನೀಲಿಯಾದಾಗ ಪಕ್ಕದಲ್ಲಿದ್ದವರು "ಸ್ಪೀಡ್ ಇಳಸಲೇ" ಎಂದು ಕೂಗುತ್ತಾರೆ. ಅವನು ಇಳಿಸುತ್ತಾನೆ. ಎಷ್ಟಕ್ಕೆ, ಯಾಕೆ ಎಂದು ಅವನೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ಆ ಘಳಿಗೆಯಲ್ಲಿ ಒಬ್ಬರು ಸೀಮೆಸುಣ್ಣ ಹಿಡಿದು ಮಷಿನ್ ಪಕ್ಕದ ಕಪಾಟಿನ ಮೇಲೆ ಆ ಸೂತ್ರ ಬರೆದರೆ, ಅವನು ಸಾಯುವ ತನಕ ಮರೆಯುವುದಿಲ್ಲ.

ಇನ್ನೊಂದು ಸಂಗತಿ ಗ್ರೈಂಡಿಂಗ್‌ಗೆ ಸೇರಿದ್ದು. 100 ಮಿಮೀ ವ್ಯಾಸದ ಶಾಫ್ಟು. ಡ್ರಾಯಿಂಗಿನಲ್ಲಿ ಎಚ್ 6 ಅಂದಿದೆ, ಅಂದರೆ ಅಳತೆ 100ಕ್ಕಿಂತ ಹೆಚ್ಚಾಗುವಂತಿಲ್ಲ, ಕಡಿಮೆಯಾದರೆ 22 ಮೈಕ್ರಾನಿನವರೆಗೆ ಮಾತ್ರ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಹುಡುಗ ಮಷಿನ್ನಿಂದ ತೆಗೆದ ಕೂಡಲೇ ಮೈಕ್ರೋಮೀಟರ್ ಹಿಡಿದ. 99.990 ತೋರಿಸಿತು. ಓಕೆ ಎಂದು ಬುಟ್ಟಿಗೆ ಹಾಕಿದ. ಸಂಜೆ ಇನ್‌ಸ್ಪೆಕ್ಷನ್‌ನಲ್ಲಿ ಅದೇ ಜಾಬ್ 99.967. ಅಂಡರ್‌ಸೈಜ್, ರಿಜೆಕ್ಟ್. ಹುಡುಗ ಆಣೆ ಮಾಡಿ ಹೇಳುತ್ತಾನೆ, ನಾನು ಸರಿಯಾಗಿಯೇ ಅಳೆದಿದ್ದೆ ಅಂತ. ಅವನು ಹೇಳುವುದು ನಿಜ. ಜಾಬ್ ಬಿಸಿಯಾಗಿತ್ತು. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಹನ್ನೊಂದೂವರೆ ಮೈಕ್ರಾನಿನಷ್ಟು ಹಿಗ್ಗುತ್ತದೆ. 100 ಮಿಮೀಗೆ, 20 ಡಿಗ್ರಿ ಹೆಚ್ಚು ಬಿಸಿಗೆ ಲೆಕ್ಕ ಹಾಕಿ: 23 ಮೈಕ್ರಾನ್. ಡ್ರಾಯಿಂಗ್ ಕೊಟ್ಟ ಅವಕಾಶವೇ 22! ಇಡೀ ಟಾಲರೆನ್ಸನ್ನು ಬಿಸಿಯೇ ನುಂಗಿಬಿಟ್ಟಿತು. ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಎಂದು ಜಗತ್ತಿನಾದ್ಯಂತ ಒಂದು ನಿಯಮವಿದೆ. ನಮ್ಮ ಗೋಕುಲ ರಸ್ತೆಯ ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 20 ಡಿಗ್ರಿ ಎಲ್ಲಿಂದ ಬರಬೇಕು? ಬರುವುದಿಲ್ಲ. ಆದರೆ ಜಾಬೂ ಗೇಜೂ ಒಂದೇ ಮೇಜಿನ ಮೇಲೆ ಸ್ವಲ್ಪ ಹೊತ್ತು ಕೂತು ಒಂದೇ ಬಿಸಿಗೆ ಬರಲಿ ಎಂದು ಕಾಯಬಹುದಲ್ಲ. ಫಿಸಿಕ್ಸ್ ಪುಸ್ತಕದಲ್ಲಿ ಉಷ್ಣದಿಂದ ಹಿಗ್ಗುವಿಕೆ ಎಂಬ ಪಾಠ ಎಲ್ಲರೂ ಓದಿರುತ್ತಾರೆ. ಅದು ಕಣ್ಣಿಗೆ ಕಾಣುವುದು ಆ ರಿಜೆಕ್ಟ್ ಆದ ಶಾಫ್ಟಿನಲ್ಲಿ. ಬೆಳಿಗ್ಗೆ ರಿಜೆಕ್ಟ್ ಆಗಬೇಕು, ಮಧ್ಯಾಹ್ನ ಪಾಠ ಆಗಬೇಕು. ನಡುವೆ ಆರು ತಿಂಗಳು ಹೋದರೆ ಎರಡೂ ವ್ಯರ್ಥ.

ಜರ್ಮನಿಯವರದ್ದು ಎಲ್ಲರೂ ಹೊಗಳುವ ವ್ಯವಸ್ಥೆ. ನಮ್ಮ ಭಾಷಣಕಾರರೆಲ್ಲ ಅದರ ಹೆಸರು ಹೇಳುತ್ತಾರೆ, ಒಳಗೆ ಏನಿದೆ ಎಂದು ಹೇಳುವುದಿಲ್ಲ. ಅಲ್ಲಿ 1969ರಿಂದ ಇದಕ್ಕೊಂದು ಪ್ರತ್ಯೇಕ ಕಾನೂನಿದೆ. ಕಾರ್ಖಾನೆಗಳ ಮೆಕ್ಯಾನಿಕ್ ಕೆಲಸಕ್ಕೆ ಮೂರೂವರೆ ವರ್ಷದ ತರಬೇತಿ. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಂಪನಿ, ಎರಡಕ್ಕೂ ಸೇರಿ ಕಂಪನಿಯೇ ಭತ್ಯೆ ಕೊಡುತ್ತದೆ. ಕೊನೆಯ ಪರೀಕ್ಷೆ ನಡೆಸುವುದು ಕಂಪನಿಯೂ ಅಲ್ಲ, ಶಾಲೆಯೂ ಅಲ್ಲ, ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿ. ನನಗೆ ಇದೆಲ್ಲಕ್ಕಿಂತ ಮುಖ್ಯ ಅನಿಸುವುದು ಬೇರೆ. ಅಲ್ಲಿ ಕಾರ್ಖಾನೆಯೊಳಗೆ ಕಲಿಸುವವನಿಗೇ ಒಂದು ಅರ್ಹತಾ ಪರೀಕ್ಷೆ ಇದೆ. ಒಳ್ಳೆಯ ಟರ್ನರ್ ಆದ ಮಾತ್ರಕ್ಕೆ ಒಳ್ಳೆಯ ಗುರು ಆಗುವುದಿಲ್ಲ ಎಂದು ಅವರು ಒಪ್ಪಿಕೊಂಡಿದ್ದಾರೆ. ನಮ್ಮಲ್ಲಿ ಹೊಸ ಹುಡುಗನನ್ನು ಯಾರ ಕೈಕೆಳಗೆ ಹಾಕುತ್ತಾರೆ? ಆ ದಿನ ಯಾರ ಹೆಲ್ಪರ್ ರಜೆಯ ಮೇಲಿದ್ದಾನೋ ಅವರ ಕೈಕೆಳಗೆ.

ನಮ್ಮಲ್ಲೂ ಒಳ್ಳೆಯ ಮಾದರಿಗಳು ಇಲ್ಲವೆಂದಲ್ಲ. ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, ನೀವೆಲ್ಲ ಜಿಟಿಟಿಸಿ ಅನ್ನುತ್ತೀರಲ್ಲ, ಅದು 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಯಿತು. ಹುಬ್ಬಳ್ಳಿಯಲ್ಲೂ ಅದರ ಕೇಂದ್ರವಿದೆ. ಅಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಓದು ಮುಗಿದ ಮೇಲೆ ಒಂದು ವರ್ಷ ಕಾರ್ಖಾನೆ ಕಡ್ಡಾಯ. ಧಾರವಾಡದಲ್ಲಿ ಟೂಲ್ ತರಬೇತಿ ಕೊಡುವ ಎನ್‌ಟಿಟಿಎಫ್ ಇದೆ. 2016ರಿಂದ ಐಟಿಐಗಳಿಗೂ ಡ್ಯುಯಲ್ ತರಬೇತಿ ಎಂಬ ಪದ್ಧತಿ ಬಂದಿದೆ, ಕೋರ್ಸಿನ ಒಂದು ಭಾಗವನ್ನು ಉದ್ಯಮದಲ್ಲೇ ಕಳೆಯುವುದು. ಇಲ್ಲಿ ಕೂತಿರುವ ಪ್ರಾಚಾರ್ಯರು ಅದರ ಒಪ್ಪಂದವನ್ನು ಬರೀ ಫೈಲಿನಲ್ಲಿ ಇಡದೆ ನಡೆಸಿದರೆ ಸಾಕು.

ರೈಲ್ವೆ ವಿಷಯ ಕೇಳುತ್ತಾರೆ ಅಂತ ಗೊತ್ತು, ಹುಬ್ಬಳ್ಳಿ ಅಂದ ಮೇಲೆ ಅದಿಲ್ಲದೆ ಮಾತು ಮುಗಿಯುವುದಿಲ್ಲ. ನೈಋತ್ಯ ರೈಲ್ವೆಯ ಅಪ್ರೆಂಟಿಸ್ ಅಧಿಸೂಚನೆ ಇಲ್ಲಿಯ ರೈಲ್ವೆ ನೇಮಕಾತಿ ಕೋಶದಿಂದ ಬರುತ್ತದೆ. ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿ ನೋಡಿ ತೆಗೆದುಕೊಳ್ಳುತ್ತಾರೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 (ಅತಿ ಕೆಳ ದರ್ಜೆಯ) ಹುದ್ದೆಗಳಲ್ಲಿ ಶೇ. 20 ಮೀಸಲು ಇದೆ, ಆ ಕಾರಣಕ್ಕೇ ಅಷ್ಟೊಂದು ಅರ್ಜಿ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಆ ಒಂದು ಪಟ್ಟಿಗಾಗಿ ವರ್ಷಗಟ್ಟಲೆ ಮನೆಯಲ್ಲಿ ಕೂಡಬೇಡಿ. ಕೂತರೆ ಕೈ ಜಡ್ಡುಗಟ್ಟುತ್ತದೆ.

ಈಗ ಈ ಮಾತಿನ ಕಹಿ ಭಾಗಕ್ಕೆ ಬರುತ್ತೇನೆ. ನಮ್ಮೂರು ವಾಲ್ವ್ ಮಾಡುವ ಊರು. ಇಲ್ಲಿ ಕೂತವರಲ್ಲಿ ಕೆಲವರ ಮನೆಗೆ ಅನ್ನ ಬರುವುದೇ ವಾಲ್ವ್‌ನಿಂದ. ಒಂದು ಘಟಕದಲ್ಲಿ, ಯಾವುದೆಂದು ಬೇಡ, ಒಬ್ಬ ಅಪ್ರೆಂಟಿಸ್ ವರ್ಷವಿಡೀ ಒಂದೇ ಕೆಲಸ ಮಾಡಿದ್ದನ್ನು ನಾನು ನೋಡಿದ್ದೇನೆ. ನಾಲ್ಕು ಇಂಚಿನ, ಕ್ಲಾಸ್ 150 ಒತ್ತಡದ ದರ್ಜೆಯ ಫ್ಲ್ಯಾಂಜಿಗೆ, ಅಂದರೆ ವಾಲ್ವನ್ನು ಪೈಪಿಗೆ ಬೋಲ್ಟ್ ಹಾಕಿ ಕೂಡಿಸುವ ದುಂಡು ಅಂಚಿಗೆ, ತೂತು ಹೊಡೆಯುವುದು. ತೂತಿನ ಜಾಗ ತೋರಿಸುವ ಜಿಗ್ ಕೂಡಿಸು, ರೇಡಿಯಲ್ ಡ್ರಿಲ್ ಇಳಿಸು, ಎಂಟು ತೂತು, 19 ಮಿಮೀ, ತೆಗಿ, ಮುಂದಿನದು. ಕೈ ಎಷ್ಟು ಪಳಗಿತ್ತೆಂದರೆ ನೋಡುವುದಕ್ಕೆ ಚೆಂದ. ಅವನನ್ನು ಕೇಳಿದೆ: "ತಮ್ಮಾ, ಪಿಸಿಡಿ ಎಷ್ಟೋ?" ಗೊತ್ತಿರಲಿಲ್ಲ. ತೂತುಗಳ ನಡುಬಿಂದು ಕೂರುವ ವರ್ತುಲದ ವ್ಯಾಸ ಅದು; 190.5 ಮಿಮೀ, ಜಿಗ್ ಮೇಲೆ ಪಂಚ್ ಮಾಡಿತ್ತು. "ವಾಲ್ವ್ ನೆಟ್ಟಗ ನಿಲ್ಲಿಸಿದಾಗ ನಡು ಗೆರಿ ಮ್ಯಾಲೆ ಒಂದೂ ತೂತು ಯಾಕ ಬರಂಗಿಲ್ಲ?" "ಜಿಗ್ ಹಂಗ ಐತ್ರಿ ಸರ."

ಇದಕ್ಕೆ ಎರಡು ನಿಮಿಷದ ಉತ್ತರವಿದೆ. ತೂತುಗಳು ನಡು ಗೆರೆಯ ಎಡಬಲಕ್ಕೆ ಸಮವಾಗಿ ಬೀಳಬೇಕು, ಅಂದರೆ ಎಂಟು ತೂತಿನ ಫ್ಲ್ಯಾಂಜಿನಲ್ಲಿ ಮೊದಲ ತೂತು ಗೆರೆಯಿಂದ ಇಪ್ಪತ್ತೆರಡೂವರೆ ಡಿಗ್ರಿ ಆಚೆ. ಪೈಪಿನ ಫ್ಲ್ಯಾಂಜನ್ನೂ ಹಾಗೇ ಕೂಡಿಸುವ ಪದ್ಧತಿ. ಎಲ್ಲರೂ ಒಂದೇ ಪದ್ಧತಿ ಹಿಡಿದಿರುವುದರಿಂದ ಹುಬ್ಬಳ್ಳಿಯ ವಾಲ್ವು ಗುಜರಾತಿನ ರಿಫೈನರಿಯ ಪೈಪಿಗೆ ಕೂತಾಗ ಅದರ ಹ್ಯಾಂಡ್‌ವೀಲು ನೆಟ್ಟಗೆ ಮೇಲೆ ಬರುತ್ತದೆ, ಓರೆಯಾಗುವುದಿಲ್ಲ. ಇಷ್ಟು ಹೇಳಿದ್ದರೆ ಆ ಹುಡುಗನಿಗೆ ತಾನು ಮಾಡುತ್ತಿರುವ ತೂತು ಯಾವ ಊರಿನ ಯಾವ ಬೋಲ್ಟಿಗೆ ಎಂದು ತಿಳಿಯುತ್ತಿತ್ತು. ಯಾರೂ ಹೇಳಲಿಲ್ಲ. ಪಕ್ಕದ ಶೆಡ್ಡಿನಲ್ಲೇ ಹೈಡ್ರೋ ಟೆಸ್ಟ್ ನಡೆಯುತ್ತಿತ್ತು. ವಾಲ್ವಿನ ಬಾಡಿಯೊಳಗೆ ಅದಕ್ಕೆ ನಿಗದಿಯಾದ (ರೇಟೆಡ್) ಒತ್ತಡದ ಒಂದೂವರೆ ಪಟ್ಟು ನೀರು ಕೊಟ್ಟು ನೋಡುತ್ತಾರೆ, ವಾಲ್ವ್ ಮುಚ್ಚಿಕೊಳ್ಳುವ ಸೀಟಿಗೆ 1.1 ಪಟ್ಟು. ಅವನು ಒಂದು ದಿನವೂ ಅಲ್ಲಿ ನಿಂತು ನೋಡಿರಲಿಲ್ಲ. ಅವನ ಅಪ್ರೆಂಟಿಸ್ ಪ್ರಮಾಣಪತ್ರದಲ್ಲಿ ಮಾತ್ರ ಫಿಟ್ಟರ್ ಎಂದು ಬಂತು. ಅವನನ್ನು ಫಿಟ್ಟರ್ ಎಂದು ಇನ್ನೊಬ್ಬರು ಕೆಲಸಕ್ಕೆ ಇಟ್ಟುಕೊಂಡಾಗ ಏನಾಗಬೇಕು ಹೇಳಿ? ಅವರು ಐಟಿಐಯನ್ನು ಬೈಯುತ್ತಾರೆ.

ಮಾಲೀಕರ ಕಷ್ಟವೂ ನನಗೆ ಗೊತ್ತು. "ನಾವು ಕಲಿಸೋದು, ದೊಡ್ಡ ಕಂಪನಿಯವ್ರು ಒಯ್ಯೋದು" ಎಂಬ ಮಾತು ತಾರಿಹಾಳದಲ್ಲೂ ಕೇಳಿದ್ದೇನೆ, ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲೂ ಕೇಳಿದ್ದೇನೆ. ನಿಜವೇ. ಆದರೆ ಯಾರೂ ಕಲಿಸದಿದ್ದರೆ ಒಯ್ಯುವುದಕ್ಕೂ ಜನ ಇರುವುದಿಲ್ಲ, ಉಳಿಯುವುದಕ್ಕೂ ಇರುವುದಿಲ್ಲ. 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆ, ಗುತ್ತಿಗೆಯವರನ್ನೂ ಸೇರಿಸಿ, ಒಟ್ಟು ಸಂಖ್ಯೆಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 29 ಜನರಿರುವವರಿಗೆ ಕಡ್ಡಾಯವಿಲ್ಲ, ಅವಕಾಶವಿದೆ. ಕೇಂದ್ರದ ಪ್ರೋತ್ಸಾಹ ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1,500 ಮೀರದಂತೆ, ಸರ್ಕಾರ ನೇರವಾಗಿ ಹುಡುಗನ ಖಾತೆಗೆ ಹಾಕುತ್ತದೆ. 7,000ದ ಹುಡುಗನಿಗೆ ನಿಮ್ಮ ಕೈಯಿಂದ ಹೋಗುವುದು 5,500. ಈ ದುಡ್ಡಿಗೆ ಹೆಲ್ಪರ್ ಸಿಕ್ಕ ಎಂದು ನೋಡುವವರು ಇದ್ದಾರೆ. ಅಂಥವರಿಗೆ ನನ್ನ ವಿನಂತಿ, ಹೆಲ್ಪರ್ ಬೇಕಾದರೆ ಹೆಲ್ಪರ್ ಪಗಾರ ಕೊಟ್ಟು ಹೆಲ್ಪರನ್ನೇ ಇಟ್ಟುಕೊಳ್ಳಿ.

ಇನ್ನು ಪ್ರಾಮಾಣಿಕವಾಗಿ ಕಲಿಸಬೇಕೆಂದಿರುವ ಸಣ್ಣ ಘಟಕದವರಿಗೆ ಬೇರೆಯೇ ತೊಡಕು: ಅವರಲ್ಲಿ ಇರುವುದೇ ಎರಡು ಲೇತು, ಒಂದು ಮಿಲ್ಲಿಂಗ್. ಗ್ರೈಂಡಿಂಗ್ ಹೊರಗೆ, ಹೀಟ್ ಟ್ರೀಟ್‌ಮೆಂಟ್ ಹೊರಗೆ, ಗೇರ್ ಕಟಿಂಗ್ ಇನ್ನೊಬ್ಬರಲ್ಲಿ. ಒಬ್ಬ ಹುಡುಗನಿಗೆ ಪೂರ್ತಿ ಟ್ರೇಡ್ ಹೇಗೆ ಕಲಿಸುವುದು? ಕಾಯ್ದೆಯಲ್ಲೇ ಇದಕ್ಕೊಂದು ದಾರಿ ಇದೆ, ನಮ್ಮ ಭಾಗದಲ್ಲಿ ಅದನ್ನು ಹಿಡಿದವರನ್ನು ನಾನು ಕಂಡಿಲ್ಲ. ಹಲವು ಮಾಲೀಕರು ಒಟ್ಟುಗೂಡಿ, ಅಪ್ರೆಂಟಿಸ್‌ಗಳನ್ನು ತಮ್ಮ ತಮ್ಮ ಘಟಕಗಳಲ್ಲಿ ತಿರುಗಿಸಿ ಕಲಿಸಬಹುದು. ಗೋಕುಲ ರಸ್ತೆಯಲ್ಲಿ ಒಂದು ಗೇಟ್ ವಾಲ್ವ್ ಹುಟ್ಟುವುದನ್ನು ನೆನಪು ಮಾಡಿಕೊಳ್ಳಿ. ಪ್ಯಾಟರ್ನ್ ಒಂದು ಕಡೆ, ಕಾಸ್ಟಿಂಗ್ ಫೌಂಡ್ರಿಯಲ್ಲಿ, ಬಾಡಿ ಮಷಿನಿಂಗ್ ಮತ್ತೊಂದು ಕಡೆ, ಸ್ಟೆಮ್ ಟರ್ನಿಂಗ್ ಮಗದೊಂದು ಕಡೆ, ಸೀಟ್ ರಿಂಗ್ ಲ್ಯಾಪಿಂಗ್, ಜೋಡಣೆ, ಟೆಸ್ಟಿಂಗ್ ಕೊನೆಗೆ. ಆ ಬಾಡಿ ಟೆಂಪೋದಲ್ಲಿ ಓಡಾಡುತ್ತದೆ. ಹುಡುಗನೂ ಅದರ ಜೊತೆಗೇ ಓಡಾಡಲಿ ಅನ್ನುತ್ತೇನೆ. ಫೌಂಡ್ರಿಯಲ್ಲಿ ಎರಡು ತಿಂಗಳು ನಿಂತವನಿಗೆ, ಮುಂದೆ ಮಷಿನಿಂಗ್ ಮಾಡುವಾಗ ಬ್ಲೋಹೋಲ್ (ಎರಕದೊಳಗೆ ಗಾಳಿ ಸಿಕ್ಕಿ ಆದ ತೂತು) ಕಂಡರೆ ಅದು ಎಲ್ಲಿಂದ ಬಂತು ಎಂದು ಊಹಿಸುವ ಬುದ್ಧಿ ಬರುತ್ತದೆ. ಐದಾರು ಮಾಲೀಕರು ಒಪ್ಪಿ, ಹತ್ತಿರದ ಐಟಿಐ ವಾರಕ್ಕೊಂದು ದಿನ ಪಾಠದ ಹೊಣೆ ಹೊತ್ತರೆ, ನಮ್ಮ ಹಳೆಯ ಕೈಗಾರಿಕಾ ಎಸ್ಟೇಟೇ ಒಂದು ಕಾಲೇಜು.

ಇದನ್ನು ಹೇಳಿದಾಗಲೆಲ್ಲ ಒಬ್ಬರಾದರೂ ಹರಿಹರದ ಮಾತು ತೆಗೆಯುತ್ತಾರೆ. ಮೈಸೂರು ಕಿರ್ಲೋಸ್ಕರ್ ಇದ್ದಾಗ ಹಿಂಗಿತ್ತು, ಹಂಗಿತ್ತು ಅಂತ. ಹೌದು, 1941ರಲ್ಲಿ ಹುಟ್ಟಿದ ಆ ಕಾರ್ಖಾನೆಯ ಲೇತುಗಳು ಹಾವೇರಿ, ರಾಣೆಬೆನ್ನೂರಿನ ವರ್ಕ್‌ಶಾಪುಗಳಲ್ಲಿ ಇವತ್ತಿಗೂ ತಿರುಗುತ್ತಿವೆ, ಅಲ್ಲಿ ಕಲಿತ ಹಿರಿಯರೂ ಸಿಗುತ್ತಾರೆ. ಕಾರ್ಖಾನೆ ಮುಚ್ಚಿತು. ಆ ಹಿರಿಯರ ಕೈಯಲ್ಲಿರುವ ವಿದ್ಯೆಯನ್ನು ಅವರು ಮನೆಯಲ್ಲಿ ಕೂಡುವ ಮೊದಲೇ ಇಳಿಸಿಕೊಳ್ಳೋಣ ಎಂಬುದಷ್ಟೇ ನನ್ನ ಮಾತು.

ಹೆಣ್ಣುಮಕ್ಕಳ ಪಾಲಕರಿಗೆ ಒಂದು ಮಾತು. ಸಿಎನ್‌ಸಿ ಮಷಿನ್ನಿಗೆ, ಇನ್‌ಸ್ಪೆಕ್ಷನ್ನಿಗೆ ತೋಳಬಲ ಬೇಡ. ಸೇರಿಸುವ ಮುನ್ನ ಕಾರ್ಖಾನೆಗೆ ಹೋಗಿ ಶೌಚಾಲಯ ನೋಡಿ, ಊಟದ ಜಾಗ ನೋಡಿ, ಶಿಫ್ಟ್ ಬಿಡುವ ಹೊತ್ತಿಗೆ ಬಸ್ ಇದೆಯೇ ನೋಡಿ. ಧಾರವಾಡ–ಹುಬ್ಬಳ್ಳಿ ನಡುವಿನವರಿಗೆ ಚಿಗರಿ ಬಸ್ ಇದೆ, ಹೆದ್ದಾರಿ ಬಿಟ್ಟು ಒಳಗಿರುವ ಕಾರ್ಖಾನೆಗಳಿಗೆ ಕೊನೆಯ ಎರಡು ಕಿಲೋಮೀಟರಿನದ್ದೇ ಚಿಂತೆ. ಆ ಎರಡು ಕಿಲೋಮೀಟರಿಗೆ ಮಾಲೀಕರು ಒಂದು ಗಾಡಿ ಬಿಟ್ಟರೆ ಒಳ್ಳೆಯ ಕೆಲಸಗಾರರು ಸಿಗುತ್ತಾರೆ.

ಕರಾರಿನ ವಿಷಯ. ಪೋರ್ಟಲ್‌ನಲ್ಲಿ ನೋಂದಣಿಯಾಗದ ಕರಾರು ಕರಾರಲ್ಲ. ಬರೀ ಲೆಟರ್‌ಹೆಡ್ ಮೇಲೆ "ಟ್ರೈನಿ" ಎಂದು ಬರೆದುಕೊಟ್ಟರೆ ಒಪ್ಪಬೇಡಿ, ಅದಕ್ಕೆ ಈ ಕಾಯ್ದೆಯ ಆಸರೆ ಸಿಗುವುದಿಲ್ಲ. ಓವರ್‌ಟೈಮ್ ಮಾಡಿಸಬೇಕಾದರೆ ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿ) ಒಪ್ಪಿಗೆ ಬೇಕು, ಅದೂ ಕಲಿಕೆಗೆ ಅನುಕೂಲ ಅಥವಾ ಸಾರ್ವಜನಿಕ ಹಿತ ಎಂದಿದ್ದರೆ ಮಾತ್ರ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರಕ್ಕೆ ಮಾಲೀಕರೇ ಹೊಣೆ. ಕಾರ್ಖಾನೆಗಳ ಸುರಕ್ಷತೆ, ಆರೋಗ್ಯದ ನಿಯಮಗಳು ಅಪ್ರೆಂಟಿಸ್‌ಗೂ ಅನ್ವಯ. ಇನ್ನು ಲಾಗ್‌ಬುಕ್, ಅಂದರೆ ದಿನದ ಕೆಲಸ ಬರೆದಿಡುವ ವಹಿ. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ಮೂವತ್ತು ದಿನದ್ದನ್ನೂ ತುಂಬಿ ಸಹಿ ಹಾಕಿಸುವ ಲಾಗ್‌ಬುಕ್ ನಾನು ಬೇಕಾದಷ್ಟು ನೋಡಿದ್ದೇನೆ. ದಿನಕ್ಕೆ ನಾಲ್ಕು ಸಾಲು ಬರೆಯಿರಿ: ಯಾವ ಜಾಬ್, ಯಾವ ಅಳತೆ, ಏನು ಕೆಟ್ಟಿತು, ಯಾಕೆ ಕೆಟ್ಟಿತು. ನಾಲ್ಕನೇ ಸಾಲು ಬರೆಯಲು ಬರದಿದ್ದರೆ ಅದೇ ನಿಮ್ಮ ಮುಂದಿನ ತರಗತಿಯ ಪ್ರಶ್ನೆ.

ಓದು ಇಲ್ಲಿಗೆ ನಿಲ್ಲುತ್ತದೆ ಎಂಬ ಭಯ ಬೇಡ. ಐಟಿಐ ಆದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು, ಡಿಪ್ಲೊಮಾ ಆದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ. ಕೆಲಸದಲ್ಲಿರುವವರಿಗಾಗಿಯೇ ಎಂಜಿನಿಯರಿಂಗ್ ತರಗತಿ ನಡೆಸಲು ತಾಂತ್ರಿಕ ಶಿಕ್ಷಣ ಪರಿಷತ್ತು ಎಐಸಿಟಿಇ 2023ರಲ್ಲಿ ಅವಕಾಶ ಕೊಟ್ಟಿದೆ. ಮಷಿನ್ ಮುಂದೆ ಎರಡು ವರ್ಷ ನಿಂತು ಬಂದವನು ಬಿಇ ತರಗತಿಯಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಮೇಷ್ಟ್ರುಗಳಿಗೆ ಸ್ವಲ್ಪ ಕಷ್ಟ, ಇರಲಿ.

ಕೊನೆಗೆ ಸಭೆಯಲ್ಲಿ ಮಾಲೀಕರೊಬ್ಬರು ಎದ್ದು ಕೇಳಿದರು: "ಸರ, ನಮ್ಮಲ್ಲಿ ಇರೋದ ಹನ್ನೊಂದು ಮಂದಿ. ಪ್ರೊಡಕ್ಷನ್ ಬಿಟ್ಟು ಕಲಿಸಾಕ ಯಾರನ್ನ ನಿಲ್ಲಸ್ಲಿ?" ನಾನು ತಿರುಗಿ ಕೇಳಿದೆ, ನಿಮ್ಮಲ್ಲಿ ಎಲ್ಲರಿಗಿಂತ ಹಳಬರು ಯಾರು ಅಂತ. ಒಬ್ಬ ಟರ್ನರ್ ಇದ್ದಾರಂತೆ, ಇನ್ನು ಎರಡು ವರ್ಷಕ್ಕೆ ಕೆಲಸ ಬಿಡುವವರು. ಅವರ ದಿನದ ಟಾರ್ಗೆಟ್ಟಿನಲ್ಲಿ ಅರ್ಧ ಗಂಟೆ ಕಡಿಮೆ ಮಾಡಿ, ಆ ಅರ್ಧ ಗಂಟೆಗೆ ಪಗಾರ ಕತ್ತರಿಸಬೇಡಿ, ಹುಡುಗನ ಲಾಗ್‌ಬುಕ್ಕಿಗೆ ಅವರದೇ ಸಹಿ ಇರಲಿ, ಕರಾರಿನ ಜೊತೆಗೆ ಅವರ ಹೆಸರನ್ನು ಹುಡುಗನ ಮನೆಯವರಿಗೂ ತಿಳಿಸಿ ಎಂದೆ. ಟರ್ನರ್ ಒಪ್ಪದಿದ್ದರೆ ಎಂದು ಅವರು ಮತ್ತೆ ಕೇಳಿದರು. ಮೊದಲು ಅವರನ್ನೇ ಕೇಳಿ ನೋಡಿ, ಇಷ್ಟು ವರ್ಷದಲ್ಲಿ ಯಾರಾದರೂ ಕೇಳಿದ್ದಾರೆಯೇ ಎಂದೆ. ಕೇಳಿಲ್ಲ ಅಂದರು.